ಮಣ್ಣೊಳಗೆ ಹೂ ಬಿಡುವ ಬಳ್ಳಿ

ಹೂ ಅಂದ ಮೇಲೆ ಅರಳಬೇಕು. ಬಣ್ಣ ತೋರಬೇಕು, ದುಂಬಿಯನ್ನು ಕರೆಯಬೇಕು, ಗಾಳಿಗೆ ತಲೆದೂಗಬೇಕು. ನಾವು ಬಲ್ಲ ಹೂವೆಲ್ಲ ಹೀಗೇ. ಆದರೆ ಸಹ್ಯಾದ್ರಿಯಲ್ಲಿ ಒಂದು ಕಾಡು ಬಳ್ಳಿ ಇದೆ. ಹೆಸರುಕಾಳು, ಉದ್ದುಗಳ ಸೋದರಸಂಬಂಧಿ. ಮಳೆಗಾಲದಲ್ಲಿ ಎಲ್ಲ ಬಳ್ಳಿಗಳಂತೆ ಮೇಲೆ ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ. ಚಳಿಗಾಲ ಬಂತೋ, ಅದರ ಕೆಲವು ಕವಲುಗಳು ತಲೆ ಕೆಳಗು ಮಾಡಿ ನೆಲದೊಳಕ್ಕೆ ಇಳಿಯುತ್ತವೆ. ಅಲ್ಲಿ, ಬೆಳಕಿಲ್ಲದ ಕಡೆ, ದುಂಬಿ ಕಾಲಿಡಲಾಗದ ಕಡೆ, ಮತ್ತೆ ಹೂ ಬಿಡುತ್ತವೆ! ಆ ಹೂ ಯಾವತ್ತೂ ಅರಳುವುದಿಲ್ಲ. ಮುಚ್ಚಿದ ಮೊಗ್ಗಿನೊಳಗೇ ಪರಾಗ ಹೂವಿನ ಹೆಣ್ಣುಭಾಗವಾದ ಶಲಾಕೆಯನ್ನು ಮುಟ್ಟುತ್ತದೆ, ಒಳಗೇ ಕಾಯಿ ಕಟ್ಟುತ್ತದೆ, ಮಣ್ಣೊಳಗೇ ಬೀಜ ಬಲಿಯುತ್ತದೆ.

ಒಂದೇ ಗಿಡ, ಎರಡು ಬಗೆಯ ಹೂ, ಎರಡು ಬಗೆಯ ಬೀಜ. ಮೇಲಿನವು ಹೆಚ್ಚು, ಸಣ್ಣವು. ಕೆಳಗಿನವು ಕಡಿಮೆ, ದಪ್ಪನೆಯವು.

ಈ ಬಳ್ಳಿಗೆ ವಿಜ್ಞಾನದಲ್ಲಿ ಹೆಸರು ಬಂದದ್ದು 2014ರಲ್ಲಿ: ವಿಗ್ನಾ ಯಾದವಿ. ಅಂದರೆ ಮಂಗಳ ಗ್ರಹಕ್ಕೆ ನಾವು ನೌಕೆ ಮುಟ್ಟಿಸಿದ ವರ್ಷ! ಆ ವರ್ಷದವರೆಗೆ ನಮ್ಮ ಘಟ್ಟದ ಈ ಕಾಡುಕಾಳು ಯಾವ ಪುಸ್ತಕದಲ್ಲೂ ತನ್ನದೇ ಹೆಸರಿನಿಂದ ಇರಲಿಲ್ಲ. ಅದನ್ನು ಗುರುತಿಸಿ ಬರೆದವರು ಸೊಲ್ಲಾಪುರದ ವಾಲ್‌ಚಂದ್ ಕಾಲೇಜಿನ ಸಸ್ಯಶಾಸ್ತ್ರಜ್ಞರು: ಎಸ್.ಪಿ. ಗಾಯಕವಾಡ್, ಆರ್.ಡಿ. ಗೋರೆ, ಎಸ್.ಡಿ. ರಾಂದಿವೆ, ಕೆ.ಯು. ಗರಡ. ಮರಾಠಿ, ಕನ್ನಡ, ತೆಲುಗು ಮಾತಾಡುವ ಒಣ ಊರಿನ ಒಂದು ಕಾಲೇಜಿನಿಂದ, ಮಳೆ ಸುರಿಯುವ ಘಟ್ಟದ ಗಿಡವೊಂದು ಜಗತ್ತಿಗೆ ಗೊತ್ತಾಯಿತು.

ಈ ಬಳ್ಳಿಯ ಬೆರಗು ತಿಳಿಯಬೇಕಾದರೆ ಘಟ್ಟದ ಈ ಸೀಮೆಯ ಗುಣ ತಿಳಿಯಬೇಕು. ಆಜರಾ ಕಡೆ ಒಮ್ಮೆ ಹೋಗಿ ನೋಡಿ. ಕೊಲ್ಹಾಪುರ ಜಿಲ್ಲೆಯ ದಕ್ಷಿಣ ಭಾಗ. ಘಮಘಮಿಸುವ ಘನಸಾಳ ಅಕ್ಕಿಯ ಊರು, ಗೇರುಬೀಜದ ಊರು. ಅಲ್ಲಿಂದ ಪಶ್ಚಿಮಕ್ಕೆ ಆಂಬೋಲಿ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ದಾಟಿದರೂ ಅಲ್ಲಿನವರಿಗೆ ಆಶ್ಚರ್ಯವಿಲ್ಲ. ಆಂಬೋಲಿಯಲ್ಲಿ ಹುಟ್ಟುವ ಹಿರಣ್ಯಕೇಶಿ ಆಜರಾದ ರಾಮತೀರ್ಥದಲ್ಲಿ ಬಂಡೆಗಳ ಮೇಲಿಂದ ಧುಮುಕಿ, ಗಡಹಿಂಗ್ಲಜ ದಾಟಿ, ಸಂಕೇಶ್ವರಕ್ಕೆ ಬಂದು, ಕೊನೆಗೆ ಘಟಪ್ರಭೆಯನ್ನು ಸೇರುತ್ತದೆ. ನದಿಯ ಜೊತೆ ಪೂರ್ವಕ್ಕೆ ನಡೆಯುತ್ತಾ ಹೋದರೆ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ, ಮಾತು ಮರಾಠಿಯಿಂದ ಕನ್ನಡಕ್ಕೆ ಹೊರಳುತ್ತದೆ, ಗದ್ದೆ ಹೋಗಿ ಜೋಳದ ಹೊಲ ಬರುತ್ತದೆ.

ಆದರೆ ಮಳೆನಾಡಿನ ನಡುವೆಯೇ ಒಂದು ಮರುಭೂಮಿ ಅಡಗಿದೆ. ಘಟ್ಟದ ನೆತ್ತಿಯ ಮೇಲಿನ ಜಂಬಿಟ್ಟಿಗೆಯ ಬಯಲುಗಳಿಗೆ ಮರಾಠಿಯಲ್ಲಿ ಸಡಾ ಅನ್ನುತ್ತಾರೆ. ಸತಾರಾದ ಕಾಸ್ ಬಯಲು ಇಂಥದ್ದೇ. 2012ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕೊಲ್ಹಾಪುರದಿಂದ ಬೆಳಗಾವಿಯವರೆಗೂ ಇಂಥ ಬಯಲುಗಳಿವೆ. ಮಣ್ಣು ಗೇಣುದ್ದವೂ ಇರುವುದಿಲ್ಲ, ಕೆಳಗೆ ಬರೀ ಕಲ್ಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ನಿಂತು ಜವುಗು. ನೀಲಿ ಯುಟ್ರಿಕ್ಯುಲೇರಿಯಾ, ಬಿಳಿ ಗುಂಡಿಯಂಥ ಎರಿಯೊಕಾಲಾನ್, ಹಳದಿ ಸ್ಮಿಥಿಯಾ ಒಂದರ ಮೇಲೊಂದು ಬಂದು ನೆಲವೇ ಕಾಣದು. ಮಳೆ ನಿಂತ ಮೇಲೆ ಬಿಸಿಲಿಗೆ ಕಲ್ಲು ಕಾದು, ಹುಲ್ಲು ಸುಟ್ಟು, ಮುಂದಿನ ಮಳೆಯವರೆಗೆ ಅಲ್ಲಿ ಹನಿ ನೀರಿಲ್ಲ. ನಾಲ್ಕು ತಿಂಗಳು ಕೆರೆ, ಎಂಟು ತಿಂಗಳು ಮರುಭೂಮಿ! ಇಲ್ಲಿ ಬದುಕುವ ಒಂದೇ ವರ್ಷದ ಗಿಡಕ್ಕೆ ಒಂದೇ ಚಿಂತೆ: ತಾನು ಸಾಯುತ್ತೇನೆ, ಬೀಜ ಎಲ್ಲಿಡಲಿ?

ಘಟ್ಟದ ಗಿಡಗಳು ಇದಕ್ಕೆ ನಾನಾ ಉತ್ತರ ಹುಡುಕಿಕೊಂಡಿವೆ. ವಿಗ್ನಾ ಯಾದವಿಯ ಉತ್ತರ ಅವೆಲ್ಲಕ್ಕಿಂತ ಜಾಣತನದ್ದು.

ಅದರ ಮಳೆಗಾಲದ ಹೂವನ್ನು ಹತ್ತಿರದಿಂದ ನೋಡೋಣ. ಹೆಸರಿನ ಹೊಲದಲ್ಲಿ ನಿಂತು ಹೂ ನೋಡಿದವರಿಗೆ ಇದರ ಮುಖ ಪರಿಚಿತವೇ. ಹಳದಿ ಹೂ. ಹಿಂದೆ ಪತಾಕೆಯಂತೆ ಒಂದು ಅಗಲ ಪಕಳೆ, ಅಕ್ಕಪಕ್ಕ ಎರಡು ರೆಕ್ಕೆ, ನಡುವೆ ದೋಣಿಯಂತೆ ಕೂಡಿಕೊಂಡ ಇನ್ನೆರಡು. ಆದರೆ ಏಷ್ಯಾದ ಈ ಕಾಳುಗಳ ಗುಂಪಿನಲ್ಲಿ ಆ ದೋಣಿ ನೇರವಾಗಿರುವುದಿಲ್ಲ, ಸುತ್ತಿಕೊಂಡಿರುತ್ತದೆ. ಅದರ ಎಡ ಮಗ್ಗುಲಿನಲ್ಲಿ ಒಂದು ಪುಟ್ಟ ಕೊಂಬು ಹೊರಗೆ ಚಾಚಿಕೊಂಡಿರುತ್ತದೆ. ಬಲಕ್ಕೆ ಇಲ್ಲ, ಎಡಕ್ಕೆ ಮಾತ್ರ! ಆ ಕೊಂಬು ಒಳಗೆ ಟೊಳ್ಳು, ಒಂದು ಜೇಬು. ದುಂಬಿ ಬಂದು ಕೂತು ಭಾರ ಹಾಕಿದ ಕ್ಷಣ ದೋಣಿಯೊಳಗಿಂದ ಶಲಾಕೆ ಹೊರಗೆ ಚಿಮ್ಮುತ್ತದೆ. ಅದರ ತುದಿಯ ಕೆಳಗೆ ಕೂದಲಿನ ಕುಂಚ, ಕುಂಚದ ತುಂಬ ಪರಾಗ. ದುಂಬಿಯ ಮೈಗೆ ಬಳಿದುಕೊಂಡಿತು, ಕೆಲಸ ಮುಗಿಯಿತು. ಶಲಾಕೆಯ ತುದಿ ಅಲ್ಲಿಗೇ ನಿಲ್ಲದೆ ಕೊಕ್ಕಿನಂತೆ ಮುಂದೆ ಚಾಚಿರುತ್ತದೆ. ಯಾದವಿಯಲ್ಲಿ ಆ ಕೊಕ್ಕು ಉದ್ದಕ್ಕೆ ಗೆರೆಯಂತಿದೆ. ಈ ಕೊಕ್ಕಿನ ಆಕಾರವೇ ಮುಂದೆ ಸಾಕ್ಷಿ ಹೇಳಬೇಕಾದದ್ದು.

ಮೇಲೆ ಇಷ್ಟೆಲ್ಲ ಯಂತ್ರ, ಇಷ್ಟೆಲ್ಲ ಏರ್ಪಾಡು. ಕೆಳಗಿನ ಹೂವಿಗೆ ಇದಾವುದೂ ಬೇಡ. ಚಳಿಗಾಲ ಬಂದದ್ದನ್ನು ಗಿಡ ಹೇಗೋ ತಿಳಿಯುತ್ತದೆ. ಆಗ ಹುಟ್ಟುವ ಕವಲುಗಳು ಸೂರ್ಯನ ಕಡೆ ಹೊರಳದೆ ಭೂಮಿಯ ಸೆಳೆತದ ಕಡೆ ಹೊರಳುತ್ತವೆ. ಅವುಗಳ ಹೂ ತೆರೆಯುವುದೇ ಇಲ್ಲ. ತೆರೆಯಲು ಬಂದೂ ತೆರೆಯದೆ ಇರುವುದಲ್ಲ, ಮುಚ್ಚಿಯೇ ಇರಬೇಕೆಂದು ಹುಟ್ಟಿದ ಹೂ ಅದು.

ಇಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ: ಶೇಂಗಾ ಮಾಡುವುದೂ ಇದನ್ನೇ ಅಲ್ಲವೇ? ಅಲ್ಲ! ಶೇಂಗಾದ ಹೂ ಮೇಲೆಯೇ ಅರಳುತ್ತದೆ, ಹಳದಿಯಾಗಿ, ಎಲ್ಲರೂ ನೋಡುವಂತೆ. ಗರ್ಭ ಕಟ್ಟಿದ ಮೇಲೆ ಸೂಜಿಯಂಥ ಕಡ್ಡಿ ಬೆಳೆದು ಮಣ್ಣಿಗೆ ಇಳಿಯುತ್ತದೆ, ತುದಿಯಲ್ಲಿ ಕಾಯಿ ಊದುತ್ತದೆ. ಮೇಲೆ ಹೂ, ಕೆಳಗೆ ಕಾಯಿ, ಅಷ್ಟೇ. ಯಾದವಿಯದು ಬೇರೆಯೇ ಲೆಕ್ಕ: ಮೇಲೆ ಹೂವೂ ಕಾಯಿಯೂ, ಕೆಳಗೂ ಹೂವೂ ಕಾಯಿಯೂ. ಇಂಥ ಜೋಡಿ ಬದುಕಿನ ಸಾಮಾನ್ಯ ಉದಾಹರಣೆ ಬೇಕೆಂದರೆ ಹೊಲದ ಕಳೆಗಳಲ್ಲೇ ಇದೆ. ಕನ್ನೆ ಸೊಪ್ಪನ್ನು ಬೇರುಸಹಿತ ನಿಧಾನಕ್ಕೆ ಕಿತ್ತು ಮಣ್ಣು ತೊಳೆದು ನೋಡಿ. ನೀಲಿ ಹೂ ಮೇಲೆ ಅರಳಿರುತ್ತದೆ, ಬೇರಿನ ಹತ್ತಿರ ಬಿಳಿಚಿಕೊಂಡ ಕವಲುಗಳಲ್ಲಿ ಮುಚ್ಚಿದ ಹೂ ಇರುತ್ತವೆ. ರೈತರು ಎಷ್ಟು ಕಿತ್ತರೂ ಆ ಕಳೆ ಮತ್ತೆ ಏಳುವುದಕ್ಕೆ ಇದೂ ಒಂದು ಕಾರಣ.

ಜಗತ್ತಿನ ಲಕ್ಷಗಟ್ಟಲೆ ಹೂಗಿಡಗಳಲ್ಲಿ ಹೀಗೆ ಮೇಲೂ ಕೆಳಗೂ ಫಲ ಕೊಡುವಂಥವು ತೀರ ವಿರಳ. ಅವುಗಳಲ್ಲಿ ಅವರೆ, ಹೆಸರುಗಳ ಕುಟುಂಬದ್ದೇ ದೊಡ್ಡ ಪಾಲು. ಇವುಗಳಲ್ಲಿ ಕೆಲವು ಇರುವುದು ನಿಜವಾದ ಮರುಭೂಮಿಯಲ್ಲಿ. ಇಸ್ರೇಲಿನ ನೆಗೆವ್‌ನಲ್ಲಿ ಜಿಮ್ನರೀನಾ ಎಂಬ ಪುಟ್ಟ ಗಿಡವಿದೆ, ಸೇವಂತಿಗೆ ಕುಟುಂಬದ್ದು. ಅದು ಮೊದಲು ನೆಲದೊಳಗೆ ಹೂ ಬಿಟ್ಟು ಕೆಲವೇ ದೊಡ್ಡ ಬೀಜ ಕಟ್ಟಿಟ್ಟುಕೊಳ್ಳುತ್ತದೆ. ಮಳೆ ಚೆನ್ನಾಗಿ ಬಿದ್ದರೆ ಮಾತ್ರ ಮೇಲೆ ಹೂ ಬಿಟ್ಟು, ಗಾಳಿಗೆ ಹಾರುವ ಸಣ್ಣ ಬೀಜಗಳನ್ನು ತೂರುತ್ತದೆ. ನಮ್ಮ ಘಟ್ಟದ ಬಳ್ಳಿ ಇದನ್ನೇ ಉಲ್ಟಾ ಮಾಡುತ್ತದೆ. ಮಳೆ ನಂಬಿಕಸ್ತ ಆದ್ದರಿಂದ ಮೊದಲು ಮೇಲೆ, ಬರಗಾಲ ಖಚಿತ ಆದ್ದರಿಂದ ಆಮೇಲೆ ಕೆಳಗೆ. ಮಳೆ ಬಾರದ ನಾಡಿನ ಗಿಡವೂ ಮಳೆ ಧೋ ಎನ್ನುವ ನಾಡಿನ ಗಿಡವೂ ಒಂದೇ ಉಪಾಯಕ್ಕೆ ಬಂದು ಮುಟ್ಟಿವೆ, ಸರದಿ ಮಾತ್ರ ತಿರುಗುಮುರುಗು!

ಉಪಾಯದ ಹಿಂದಿನ ಲೆಕ್ಕ ನಮ್ಮ ಹಿರಿಯರಿಗೆ ಹೊಸದಲ್ಲ. ಧಾರವಾಡ, ವಿಜಯಪುರದ ಕಡೆ ಸುಗ್ಗಿಯಲ್ಲಿ ಒಂದಿಷ್ಟು ಜೋಳ ಸಂತೆಗೆ ಹೋಗುತ್ತಿತ್ತು, ಒಂದಿಷ್ಟು ಹಗೇವಿನಲ್ಲಿ ನೆಲದಡಿ ಕೂರುತ್ತಿತ್ತು. ಸಂತೆಗೆ ಹೋದದ್ದು ಲಾಭ ತಂದೀತು, ತರದೆಯೂ ಹೋದೀತು. ಹಗೇವಿನದು ಬರಗಾಲಕ್ಕೆ. ಈ ಬಳ್ಳಿಯೂ ಹಾಗೇ. ಮೇಲಿನ ಹೂವಿಗೆ ದುಂಬಿ ಬೇರೆ ಗಿಡದ ಪರಾಗ ತರಬಹುದು, ಹೊಸ ಗುಣ ಕೂಡಬಹುದು, ಬೀಜ ಸಿಡಿದು ಹೊಸ ಜಾಗಕ್ಕೆ ಹೋಗಬಹುದು. ಕೆಳಗಿನ ಬೀಜ ತಾಯಿಯ ಗುಣವನ್ನೇ ಹೊತ್ತು, ತಾಯಿ ಬದುಕಿ ತೋರಿಸಿದ ಜಾಗದಲ್ಲೇ ಉಳಿಯುತ್ತದೆ. ಬಿಸಿಲು ತಟ್ಟುವುದಿಲ್ಲ, ಬೆಂಕಿ ತಟ್ಟುವುದಿಲ್ಲ, ದನ ಮೇಯುವುದಿಲ್ಲ. ದಪ್ಪ ಬೀಜವಾದ್ದರಿಂದ ಮೊಳೆಯುವಾಗ ಬುತ್ತಿಯೂ ಹೆಚ್ಚು.

ಈಗ ನಿಜವಾದ ಪ್ರಶ್ನೆ. ಒಂದು ಗಿಡ ಹೊಸದು ಅಂತ ಹೇಳುವುದು ಹೇಗೆ? ಕಂಡ ತಕ್ಷಣ ಕೂಗಿಬಿಟ್ಟರೆ ಆಗುವುದಿಲ್ಲ. ಇದು ಯಾವುದೂ ಅಲ್ಲ ಎಂದು ಒಂದೊಂದಾಗಿ ಸಾಬೀತು ಮಾಡಬೇಕು. ಯಾದವಿಗೆ ತೀರ ಹತ್ತಿರದ ನೆಂಟ ವಿಗ್ನಾ ಡಾಲ್ಜೆಲಿಯಾನಾ. ಮುಂಬೈ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಸ್ಕಾಟ್ಲೆಂಡಿನ ನಿಕಲ್ ಡಾಲ್ಜೆಲ್ ಹೆಸರಿನಲ್ಲಿರುವ ಗಿಡ ಅದು. ಅಲೆಗ್ಸಾಂಡರ್ ಗಿಬ್ಸನ್ ಜೊತೆ ಸೇರಿ 1861ರಲ್ಲೇ ಈ ಪ್ರಾಂತದ ಗಿಡಗಳ ಪುಸ್ತಕ ಬರೆದವರು ಡಾಲ್ಜೆಲ್. 1901ರಿಂದ 1908ರವರೆಗೆ ಥಿಯೋಡರ್ ಕುಕ್ ಅದನ್ನು ಇನ್ನೂ ವಿಸ್ತಾರವಾಗಿ ಬರೆದರು. ಬೆಳಗಾವಿಯಲ್ಲಿದ್ದ ಡಾಕ್ಟರ್ ಡೇವಿಡ್ ರಿಚಿ ಈ ಸೀಮೆಯ ಗಿಡಗಳನ್ನು ರಾಶಿ ರಾಶಿ ಕೂಡಿಸಿದ್ದರು. ಇಷ್ಟು ಕಣ್ಣುಗಳು ಓಡಾಡಿದ ಘಟ್ಟದಲ್ಲಿ ಹೊಸ ಹೆಸರುಕಾಳು ಉಳಿದಿತ್ತು!

ಯಾಕೆ ಉಳಿಯಿತು ಎಂಬುದಕ್ಕೆ ಗಿಡವೇ ಉತ್ತರ ಹೇಳುತ್ತದೆ. ಮಳೆಗಾಲದಲ್ಲಿ ಹೂಬಿಟ್ಟ ಕೊಂಬೆಯನ್ನು ಮುರಿದು ಕಾಗದದ ನಡುವೆ ಒತ್ತಿದರೆ ಅದು ಡಾಲ್ಜೆಲಿಯಾನಾದ ಅಣ್ಣತಮ್ಮನಂತೆ ಕಾಣುತ್ತದೆ. ಅದರ ಗುಟ್ಟಿರುವುದು ಬೇರಿನ ಹತ್ತಿರ, ಅದೂ ಚಳಿಗಾಲದಲ್ಲಿ. ಹೂವಿನ ಕಾಲ ಮುಗಿದ ಮೇಲೆ ಮತ್ತೆ ಘಟ್ಟ ಹತ್ತಿ, ಒಣಗುತ್ತಿರುವ ಬಳ್ಳಿಯ ಬುಡ ಕೆದಕಿದವರಿಗೆ ಮಾತ್ರ ಅದು ಸಿಕ್ಕೀತು. ಸೊಲ್ಲಾಪುರದವರು ಎರಡೂ ಕಾಲ ನೋಡಿದರು. ನೆಲದಡಿಯ ಮುಚ್ಚು ಹೂ, ಹೂವಿನ ಬುಡದ ಬಟ್ಟಲಿನ ಮೇಲಿನ ಕೂದಲು, ಶಲಾಕೆಯ ಗೆರೆಯಂಥ ಕೊಕ್ಕು, ಎರಡು ಗಾತ್ರದ ಹೊಳೆಯುವ ಬೀಜ: ಡಾಲ್ಜೆಲಿಯಾನಾದಿಂದ ಇದನ್ನು ಬೇರೆ ಮಾಡಿದ ಸಾಕ್ಷಿಗಳು ಇವು.

ಈ ಕಾಳುಗಳ ವಂಶವೃಕ್ಷದ ಒಂದು ಸ್ವಾರಸ್ಯವನ್ನು ನಿಮ್ಮ ಅಡಿಗೆಮನೆಯಲ್ಲೇ ನೋಡಬಹುದು. ಹೆಸರು, ಮಡಕಿ ಕಾಳುಗಳನ್ನು ಮಣ್ಣಲ್ಲಿ ಬಿತ್ತಿ. ಎರಡರಲ್ಲೂ ಮೊಳೆಯುವಾಗ ಬೇಳೆ ಮಣ್ಣಿನಿಂದ ಮೇಲೆದ್ದು ಬರುತ್ತದೆ. ಆದರೆ ಹೆಸರಿನ ಮೊದಲ ಜೋಡಿ ಎಲೆಗೆ ತೊಟ್ಟಿಲ್ಲ, ಮಡಕಿಯದಕ್ಕೆ ತೊಟ್ಟಿದೆ. ಡಾಲ್ಜೆಲಿಯಾನಾ ಸೇರುವ ಮೂರನೆಯ ಗುಂಪಿನಲ್ಲಿ ಬೇಳೆ ಮೇಲೆ ಬರುವುದೇ ಇಲ್ಲ, ನೆಲದೊಳಗೇ ಕೂರುತ್ತದೆ. ಜಪಾನಿನವರ ಕೆಂಪು ಅಡ್ಜುಕಿ ಕಾಳೂ ಆ ಗುಂಪಿನದೇ. ಏಷ್ಯಾದ ವಿಗ್ನಾಗಳನ್ನು ವಿಜ್ಞಾನಿಗಳು ಮೂರು ಮನೆಗಳಾಗಿ ವಿಂಗಡಿಸುವಾಗ ನೋಡುವ ಗುರುತುಗಳಲ್ಲಿ ಈ ಮೊಳಕೆಯ ನಡತೆ ಮುಖ್ಯವಾದದ್ದು. ಕೊಲ್ಹಾಪುರದ ಮಿಸಳದ ತಟ್ಟೆಯಲ್ಲಿ ಕೂತಿರುವ ಮಡಕಿ, ರಾಜಸ್ಥಾನದ ಮರಳಿನಲ್ಲೂ ಬೆಳೆಯುವ ಕಾಳು, ಈ ಮನೆತನದಲ್ಲೇ ಅತಿ ಗಟ್ಟಿ ಜೀವ.

ಮನೆತನದ ಮೇಲ್ವಿಳಾಸವೂ ಬದಲಾಗುತ್ತಲೇ ಬಂದಿದೆ. ಹೆಸರು, ಉದ್ದುಗಳನ್ನು ಲಿನೇಯಸ್ ಹುರುಳಿಕಾಯಿಯ ಕುಲವಾದ ಫೇಸಿಯೋಲಸ್‌ಗೆ ಸೇರಿಸಿದ್ದ. 1954ರಲ್ಲಿ ಹೆಸರು, 1956ರಲ್ಲಿ ಉದ್ದು ವಿಗ್ನಾ ಕುಲಕ್ಕೆ ಬಂದವು. ವಿಗ್ನಾ ಎಂಬ ಕುಲವನ್ನು 1824ರಲ್ಲಿ ಕಟ್ಟಿದವನು ಇಟಲಿಯ ಸಾವಿ, ಅದು 17ನೇ ಶತಮಾನದ ಪೀಸಾದ ಸಸ್ಯಶಾಸ್ತ್ರಜ್ಞ ದೊಮೆನಿಕೊ ವಿಗ್ನಾನ ನೆನಪಿಗೆ. 2017ರಲ್ಲಿ ಇಡೀ ದ್ವಿದಳ ಕುಟುಂಬಕ್ಕೇ ಹೊಸ ವಿಭಾಗಪತ್ರ ಬಂತು. ಸುಮಾರು 19,500 ಪ್ರಭೇದಗಳ ಈ ಕುಟುಂಬ ಮೂರಕ್ಕೆ ಬದಲು ಆರು ಉಪಕುಟುಂಬಗಳಾಯಿತು. 2022ರಲ್ಲಿ ಬಯಲುಸೀಮೆಯನ್ನೆಲ್ಲ ಆವರಿಸಿದ ಬಳ್ಳಾರಿ ಜಾಲಿಯನ್ನು ಪ್ರೊಸೋಪಿಸ್ ಕುಲದಿಂದ ಹೊರಗೆ ಹಾಕಿ ನೆಲ್ಟೂಮಾ ಎಂದರು. ದಸರೆಯ ಬನ್ನಿ ಮಾತ್ರ ಪ್ರೊಸೋಪಿಸ್ ಆಗಿಯೇ ಉಳಿಯಿತು. ಮರುಭೂಮಿಯ ಈ ಎರಡು ಗಿಡಗಳನ್ನು ನಾವು ಒಂದೇ ಬದುವಿನ ಮೇಲೆ ನೋಡುತ್ತೇವೆ. ಒಂದು ಅಮೆರಿಕದ್ದು, ಒಂದು ನಮ್ಮದು. ಅವು ಒಂದೇ ಕುಲದವಲ್ಲ ಎಂದು ಖಚಿತವಾಗಲು ಡಿಎನ್ಎ ಬೇಕಾಯಿತು.

ಹೊಸ ಗಿಡಕ್ಕೆ ನಾಮಕರಣದ ವಿಧಿಯೂ ಇದೆ. ಒಂದು ಮಾದರಿ ಕೊಂಬೆಯನ್ನು ಒಣಗಿಸಿ, ಅಂಗೈ ಅಗಲದ ಚೀಟಿಯಲ್ಲಿ ಊರು, ದಿನಾಂಕ, ಕೂಡಿಸಿದವರ ಹೆಸರು ಬರೆದು, 42 ಸೆಂ.ಮೀ. ಉದ್ದ 28 ಸೆಂ.ಮೀ. ಅಗಲದ ದಪ್ಪ ಹಾಳೆಗೆ ಹೊಲಿದು ಹರ್ಬೇರಿಯಂನಲ್ಲಿ ಇಡಬೇಕು. ಆ ಹೆಸರಿನ ಬಗ್ಗೆ ಮುಂದೆ ಎಂದು ತಕರಾರು ಬಂದರೂ ಎಲ್ಲರೂ ಬರಬೇಕಾದದ್ದು ಆ ಒಂದು ಹಾಳೆಯ ಹತ್ತಿರ. ಗಿಡ ಹೇಗೆ ಬೇರೆ ಎಂಬ ವಿವರಣೆ 1935ರಿಂದ ಲ್ಯಾಟಿನ್‌ನಲ್ಲೇ ಇರಬೇಕಿತ್ತು. 2012ರ ಜನವರಿ 1ರಿಂದ ಇಂಗ್ಲಿಷ್ ಆದರೂ ನಡೆಯುತ್ತದೆ, ಅಂತರ್ಜಾಲದಲ್ಲಿ ಮಾತ್ರ ಬರುವ ಪತ್ರಿಕೆಯೂ ನಡೆಯುತ್ತದೆ ಎಂದಾಯಿತು. ಯಾದವಿ ಹೊರಬಂದದ್ದು ಅಂಥ ಒಂದು ಪತ್ರಿಕೆಯಲ್ಲೇ.

ಯಾದವಿ ಎಂಬ ಹೆಸರು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಎಸ್.ಆರ್. ಯಾದವ್ ಅವರದು. ಘಟ್ಟದ ಗಿಡಗಳ ಹಿಂದೆ ಬಿದ್ದು ತಾವೂ ಹುಡುಕಿದರು, ಹುಡುಕುವವರನ್ನೂ ತಯಾರು ಮಾಡಿದರು. 2011ರಲ್ಲಿ ವಿಗ್ನಾ ಇಂಡಿಕಾ, 2012ರಲ್ಲಿ ವಿಗ್ನಾ ಸಹ್ಯಾದ್ರಿಯಾನಾ, ಅದೇ ವರ್ಷ ಜುನ್ನರದ ಕಡೆಯ ಹೊಸ ನಸುಗುನ್ನಿ: ಮೂರರಲ್ಲೂ ಅವರ ಹೆಸರಿದೆ. ಆ ನಸುಗುನ್ನಿಗೆ ಅವರು ಮತ್ತು ಅವರ ಜೊತೆ ಬರೆದ ಐತವಡೆ ಇಟ್ಟ ಹೆಸರು ಮ್ಯುಕುನಾ ಸಂಜಪ್ಪೆ. ಯಾರು ಈ ಸಂಜಪ್ಪ? ನಮ್ಮ ಕರ್ನಾಟಕದವರೇ, ಭಾರತೀಯ ಸಸ್ಯ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಎಂ. ಸಂಜಪ್ಪ. 1992ರಲ್ಲಿ ಇಡೀ ಭಾರತದ ದ್ವಿದಳ ಗಿಡಗಳನ್ನು ಒಂದೇ ಪುಸ್ತಕಕ್ಕೆ ತಂದವರು. ಆ ಪಟ್ಟಿ ಕೈಯಲ್ಲಿ ಇದ್ದದ್ದರಿಂದಲೇ ಪಟ್ಟಿಯಲ್ಲಿ ಇಲ್ಲದ್ದನ್ನು ಹೊಸದು ಎನ್ನಲು ಆನಂತರದವರಿಗೆ ಧೈರ್ಯ ಬಂದದ್ದು.

ಇಷ್ಟೆಲ್ಲ ಮಾಡಿ ಸಿಗುವುದೇನು ಅಂತ ಕೇಳುವವರು ಹೆಸರು ಬೆಳೆದವರನ್ನೊಮ್ಮೆ ಮಾತಾಡಿಸಲಿ. ಬಿಳಿ ನೊಣ ಹೊತ್ತು ತರುವ ಹಳದಿ ನಂಜು ರೋಗ ಹೊಲಕ್ಕೆ ಹೊಲವನ್ನೇ ಹಳದಿ ಮಾಡಿ ಹಾಕುತ್ತದೆ. ಅದರಿಂದ ಉಳಿದದ್ದಕ್ಕೆ ಮನೆಯಲ್ಲಿ ಹುಳ ಹತ್ತುತ್ತದೆ. ಹುಳಕ್ಕೆ ಜಗ್ಗದ ಗುಣ ವಿಜ್ಞಾನಿಗಳಿಗೆ ಸಿಕ್ಕಿದ್ದು ಮಡಗಾಸ್ಕರಿನ ಒಂದು ಕಾಡುಹೆಸರಿನಲ್ಲಿ! ಯಾರೋ ಎಂದೋ ಕೂಡಿಸಿಟ್ಟಿದ್ದ ಬೀಜ. ಹೊಲದ ಕಾಳು ಸಾವಿರಾರು ವರ್ಷ ನಮ್ಮ ಆರೈಕೆಯಲ್ಲಿ ಬೆಳೆದು ಮೃದುವಾಗಿದೆ. ಕಾಡಿನವು ಇನ್ನೂ ಬಿಸಿಲು, ಬರ, ರೋಗದ ಜೊತೆ ಜಗಳಾಡುತ್ತಲೇ ಇವೆ. ಬರ ಬರುವ ಮೊದಲೇ ಬೀಜವನ್ನು ಹೂತಿಡಲು ಬಲ್ಲ ಕಾಳಿನ ಬುದ್ಧಿಯಲ್ಲಿ ಏನೇನಿದೆಯೋ, ಓದುವುದು ಇನ್ನೂ ಬಾಕಿ ಇದೆ.

ಹಾಗಾಗಿ ಆಜರಾ, ಚಂದಗಡ, ಖಾನಾಪುರದ ಕಡೆಯ ಶಾಲೆಯ ಮಾಸ್ತರರಿಗೆ, ದನ ಕಾಯುವ ಹುಡುಗರಿಗೆ, ಗೇರುತೋಟದವರಿಗೆ ಒಂದು ಮಾತು. ಕಾಡಿನಲ್ಲಿ ಹೆಸರಿನಂಥ ಹಳದಿ ಹೂ ಕಂಡರೆ ಜಾಗ ನೆನಪಿಡಿ. ಫೋಟೋ ತೆಗೆಯಿರಿ. ದೀಪಾವಳಿ ಕಳೆದ ಮೇಲೆ, ಬಳ್ಳಿ ಒಣಗಲು ಹತ್ತಿದಾಗ, ಇನ್ನೊಮ್ಮೆ ಅಲ್ಲಿಗೆ ಹೋಗಿ ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ. ಕಾಯಿ ಕಂಡರೆ ಮತ್ತೊಂದು ಫೋಟೋ, ಮತ್ತೆ ಮಣ್ಣು ಮುಚ್ಚಿಬಿಡಿ, ಆ ಬೀಜ ಮುಂದಿನ ವರ್ಷದ್ದು. ಚಿತ್ರವನ್ನು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೆ ತೋರಿಸಿ. ನೂರೈವತ್ತು ವರ್ಷ ದೊಡ್ಡ ದೊಡ್ಡವರು ಹುಡುಕಿ ಹೋದ ಘಟ್ಟದಲ್ಲಿ ಎರಡನೇ ಸಲ ಹೋದವರಿಗೆ ಹೊಸದು ಸಿಕ್ಕಿದೆ. ಮೂರನೇ ಸಲ ಹೋಗುವವರಿಗೂ ಸಿಗುವುದು ಉಳಿದೇ ಇದೆ!